ಒಂದು ಗ್ರಾಮಿನ ಸರ್ವೆ

ಅಮ್ಮ ಸುಟ್ಟ ಗೆರಟೆಗೆ ಲೆಕ್ಕವಿಲ್ಲ.
ಎಣ್ಣೆ ಮಿಲ್ಲಿನ ಹಿಂದೆ, ಸೊಂಟದಾಳದ ಹೊಂಡದಲ್ಲಿ
ಮಧ್ಯಾಹ್ನದ ಮೇಲೆ ಬೆಂಕಿ ಹಾಕಿ
ಹೊಗೆ ಬಿಳಿಯಿಂದ ನೀಲಿಗೆ ತಿರುಗುವವರೆಗೆ ಕಾದು
ತಗಡು ಮುಚ್ಚಿ, ಅಂಚಿಗೆ ಕೆಸರು ಮೆತ್ತಿ
ಉಸಿರು ಕಟ್ಟಿಸುವಳು ಬೆಂಕಿಗೆ.
"ಗಾಳಿ ಸೋಂಕಿದರೆ ಬೂದಿ, ಸೋಂಕದಿದ್ದರೆ ಕರಿ.
ಬೂದಿಗೆ ಕ್ರಯವಿಲ್ಲ ಮಗಳೇ."
ಮಾರನೇ ದಿನ ಹೊಂಡ ಬಗೆದರೆ
ಗೆರಟೆಯ ಆಕಾರ ಗೆರಟೆಯದೇ, ಮೂರು ಕಣ್ಣೂ ಹಾಗೇ,
ಉಗುರಿನಿಂದ ಬಡಿದರೆ ಮಾತ್ರ
ಕಂಚಿನ ಸದ್ದು.

ಲಾರಿಯವನು ತೂಗಿ ಒಯ್ಯುತ್ತಿದ್ದ
ತಲಪಾಡಿ ಗೇಟು ದಾಟಿ ಎಲ್ಲಿಗೋ.
ನೀರು ಸೋಸಲಿಕ್ಕಂತೆ, ಚಿನ್ನ ಹೀರಲಿಕ್ಕಂತೆ,
ಕರೆಂಟು ಕೂಡಿಡಲಿಕ್ಕೂ ಆಗುತ್ತದಂತೆ ಎಂದು
ಚಾ ಅಂಗಡಿಯ ಮೊಯ್ದು ಹೇಳುವನು.
ಮೊಯ್ದು ಹೇಳುವುದರಲ್ಲಿ ಅರ್ಧ ಸುಳ್ಳು.
ಇದು ಇನ್ನರ್ಧ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಈಗ ಎರಡು ಬಸ್ಸು ಬದಲಿಸಿ
ಪೆರಿಯದ ಗುಡ್ಡದ ಮೇಲಿನ ಲ್ಯಾಬಿಗೆ ಹೋಗುತ್ತೇನೆ,
ಟೆಕ್ನಿಷಿಯನ್, ದಿನಗೂಲಿ ಲೆಕ್ಕದ್ದು.
ಹೊಂಡದ ಬದಲು ಕೊಳವೆ ಕುಲುಮೆ,
ಕೆಸರಿನ ಬದಲು ನೈಟ್ರೋಜನ್.
ಗಾಳಿ ಸೋಂಕಬಾರದು, ಅಷ್ಟೇ. ಅದೇ ವಿದ್ಯೆ.
ಮೊದಲ ದಿನ ಮೇಡಂ ವಿವರಿಸುವಾಗ
ತಲೆಯಾಡಿಸುತ್ತ ನಿಂತೆ,
ಹೇಳಲಿಲ್ಲ.

ಕರಿ ಅರೆದು, ನಾಲ್ಕು ಪಾಲು ಪೊಟ್ಯಾಶ್ ಬೆರೆಸಿ
ಎಂಟುನೂರು ಡಿಗ್ರಿ.
ಕ್ಷಾರ ಒಳಹೊಕ್ಕು ಗೆದ್ದಲಿನಂತೆ ತಿನ್ನುತ್ತದೆ,
ಗೋಡೆ ಉಳಿಸಿ, ಕೋಣೆಯೊಳಗೆ ಕೋಣೆ ತೆಗೆದು.
ಆಮೇಲೆ ತೊಳೆಯುವುದು. ತೊಳೆದು, ತೊಳೆದು
ಲಿಟ್ಮಸ್ಸು ಇತ್ತಲೂ ಅಲ್ಲ ಅತ್ತಲೂ ಅಲ್ಲ ಅನ್ನುವವರೆಗೆ.
ನಿಮ್ಮ ಕಾಸರಗೋಡಿನ ಹಾಗೆ, ಎಂದು ನಗುತ್ತಾರೆ ಮೇಡಂ.
ಅವರು ಪಯ್ಯನ್ನೂರಿನವರು.

ಅಳೆಯುವ ಯಂತ್ರವೂ ಸರ್ವೆಯರನೇ,
ಚೈನು ಎಳೆಯುವುದಿಲ್ಲ, ಕಲ್ಲು ನೆಡುವುದಿಲ್ಲ,
ಖರ್ಚಿಗೆ ಕೇಳುವುದಿಲ್ಲ.
ನೈಟ್ರೋಜನ್ನಿನ ಕಣಗಳನ್ನು ಕರಿಯೊಳಗೆ ಬಿಟ್ಟು
ಎಷ್ಟು ಮಂದಿಗೆ ಕೂರಲು ಜಾಗ ಸಿಕ್ಕಿತೆಂದು
ರಾತ್ರಿಯಿಡೀ ಎಣಿಸುತ್ತದೆ.
ಬೆಳಿಗ್ಗೆ ಕಾಗದ ಬಂತು: ಗ್ರಾಮಿಗೆ
ಎರಡು ಸಾವಿರದ ನಾಲ್ಕು ಚದರ ಮೀಟರ್.
ನಮಗೆ ಮೀಟರಿನಲ್ಲಿ ಜಾಗ ಕಣ್ಣಿಗೆ ಕಟ್ಟುವುದಿಲ್ಲ.
ಮೊಬೈಲಿನಲ್ಲಿ ಭಾಗಿಸಿದೆ.
ನಲವತ್ತೊಂಬತ್ತೂವರೆ ಸೆಂಟ್ಸ್.

ನಮಗಿರುವುದು ಐದು.
ನೀರ್ಚಾಲಿನಾಚೆ ಮುರಕಲ್ಲಿನ ಪಾದೆಯ ಮೇಲೆ
ಕಾಲನಿಯ ಹದಿನೇಳನೇ ಮನೆ.
ಪಟ್ಟೆ ಮಲಯಾಳದಲ್ಲಿದೆ,
ಅಮ್ಮನಿಗೆ ಬರುವುದು ಎರಡನೇ ಕ್ಲಾಸಿನ ಕನ್ನಡ.
ಇದರಲ್ಲಿ ತನಿಯಾರು ಎಲ್ಲಿದ್ದಾಳೆ, ತೋರಿಸು ಎನ್ನುತ್ತಾಳೆ
ವರ್ಷಕ್ಕೊಮ್ಮೆ, ಟ್ರಂಕು ಬಿಸಿಲಿಗಿಟ್ಟಾಗ.
ಬೆರಳಿಟ್ಟು ತೋರಿಸುತ್ತೇನೆ.
ಅಪ್ಪ ಹೋದಾಗ ಬಚ್ಚಲ ಪಕ್ಕದ ಆರಡಿಯನ್ನು
ಆ ಐದರಿಂದಲೇ ಕಳೆಯಬೇಕಾಯಿತು.

ಸಂಜೆ ಹೇಳಿದೆ: "ಅಮ್ಮಾ, ನಿನ್ನ ಕರಿ ಇದೆಯಲ್ಲ,
ಒಂದು ಗ್ರಾಮಿನಲ್ಲಿ ಹತ್ತಿರ ಹತ್ತಿರ ಐವತ್ತು ಸೆಂಟ್ಸ್ ಜಾಗ."
ಅಮ್ಮ ಮೀನಿನ ಕತ್ತಿ ಕೆಳಗಿಟ್ಟಳು.
"ಯಾವ ಗ್ರಾಮ? ಬೇಳವಾ, ಕುಂಬ್ಡಾಜೆಯಾ?
ದಾರಿ ಉಂಟಾ? ನೀರು?"

ದಾರಿ ಉಂಟು,
ಕೂದಲನ್ನು ಸಾವಿರ ಸಲ ಸೀಳಿದರೂ ಸಾಲದಷ್ಟು ಸಪೂರ.
ನೀರೂ ಉಂಟು, ಬಾಯಿಗಿಡಲಾಗದ ಕ್ಷಾರದ ನೀರು.
ಕರೆಂಟು ಬಂದು ಗೋಡೆಗೊರಗಿ ಕೂರುತ್ತದೆ,
ಕರೆದ ಕೂಡಲೇ ಎದ್ದು ಹೋಗುತ್ತದೆ.
ಹತ್ತು ಸಾವಿರ ಸಲ ಬಂದು ಹೋದರೂ
ಹೊಸ್ತಿಲು ಸವೆಯುವುದಿಲ್ಲ.
ಉಳಿಯಲು ಮಾತ್ರ
ಯಾರೂ ಬರುವುದಿಲ್ಲ ಅಮ್ಮಾ ಅಲ್ಲಿಗೆ.

ಇದನ್ನೆಲ್ಲ ಹೇಳದೆ
ಬಿಸಾಡುವ ಡಬ್ಬಿಯಿಂದ ಕೇಳಿ ತಂದ
ಅಂಗಿಗುಂಡಿಯಷ್ಟರ ಮೂರು ಸೆಲ್ಲು ಜೋಡಿಸಿ
ಒಂದು ಕೆಂಪು ದೀಪ ಹಚ್ಚಿದೆ.
ಹೊರಗೆ ಕರೆಂಟು ಹೋಗಿತ್ತು, ಎಂದಿನಂತೆ.
ನಾಲ್ಕು ನಿಮಿಷ ಉರಿಯಿತು.
ಅಷ್ಟರಲ್ಲಿ ಅಮ್ಮ
ಉಳಿದೆರಡು ಬಂಗುಡೆಯನ್ನೂ ಕೊಯ್ದು ಮುಗಿಸಿದಳು.
ಆರಿದ ಮೇಲೆ, ಕೈ ತೊಳೆಯುತ್ತ ಕತ್ತಲಲ್ಲೇ ಕೇಳಿದಳು:
"ಅದರ ತೆರಿಗೆ ಯಾರ ಹೆಸರಿನಲ್ಲಿ ಕಟ್ಟುವುದು?"